ಲೋಕ್ಟಾಕ್‌ಗೆ ಒಂದೇ ಸಾಲು ಸಾಲದು

ಭಾರತದೊಳಗೇ ಇರುವ ಪ್ರಕೃತಿಯ ಅಚ್ಚರಿಗಳ ಬಗ್ಗೆ ನಿಮ್ಮ ಲೇಖನದ ಪಟ್ಟಿ ಓದಿ ತುಂಬಾ ಖುಷಿಯಾಯಿತು. ಲೋಣಾರ್‌ನ ಉಲ್ಕಾ ಕುಳಿಗೆ ಒಳ್ಳೆಯ ಜಾಗ ಕೊಟ್ಟಿದ್ದೀರಿ. ಆದರೆ ಮಣಿಪುರದ ಲೋಕ್ಟಾಕ್ ಸರೋವರದ ಬಗ್ಗೆ 'ತೇಲುವ ದ್ವೀಪಗಳಿವೆ' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗಂತೂ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಅದೇ.

ಅವು ಮಾಮೂಲಿ ದ್ವೀಪಗಳಲ್ಲ. ಹುಲ್ಲು, ಬೇರು, ಕೊಳೆತ ಗಿಡ, ಒಂದಿಷ್ಟು ಮಣ್ಣು ಎಲ್ಲ ಹೆಣೆದುಕೊಂಡ ದಪ್ಪ ಚಾಪೆ. ಅಲ್ಲಿಯವರು ಫುಮ್ಡಿ ಅನ್ನುತ್ತಾರೆ. ಮೇಲೆ ಕಾಣುವುದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ, ಉಳಿದದ್ದು ನೀರೊಳಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಚಾಪೆ ತಳಕ್ಕೆ ಕೂರುತ್ತದೆ, ಬೇರುಗಳು ಅಲ್ಲಿನ ಕೆಸರಿನಿಂದ ಸಾರ ಹೀರುತ್ತವೆ. ಮಳೆ ಬಂದರೆ ಮತ್ತೆ ಮೇಲೇಳುತ್ತದೆ. ಎಷ್ಟು ಚಂದದ ಏರ್ಪಾಡು ಅಲ್ವಾ?

ಇದರ ಮೇಲೆಯೇ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನ ಇದೆ, ಸುಮಾರು 40 ಚದರ ಕಿಲೋಮೀಟರ್. ಅಲ್ಲಿನ ಸಂಗಾಯ್ ಜಿಂಕೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. 1975ರ ಗಣತಿಯಲ್ಲಿ ಸಿಕ್ಕಿದ್ದು ಬರೀ 14.

ಲೇಖನದಲ್ಲಿ ಬರಲೇಬೇಕಿದ್ದ ಇನ್ನೊಂದು ಮಾತು. 1983ರಲ್ಲಿ ಇಥಾಯ್ ಬ್ಯಾರೇಜ್ ಅನ್ನುವ ಅಣೆಕಟ್ಟು ಬಂದ ಮೇಲೆ ಸರೋವರದ ನೀರು ವರ್ಷಪೂರ್ತಿ ಎತ್ತರದಲ್ಲೇ ನಿಲ್ಲುತ್ತಿದೆ. ಚಾಪೆ ತಳ ಮುಟ್ಟುವುದೇ ಕಷ್ಟ. ಸಾರ ಸಿಗದೆ ತೆಳುವಾಗುತ್ತಿದೆ, ಜಿಂಕೆಯ ಭಾರ ತಡೆಯುವಷ್ಟು ದಪ್ಪ ಎಷ್ಟೋ ಕಡೆ ಉಳಿದಿಲ್ಲ. ದಯವಿಟ್ಟು ಇದನ್ನೂ ಸೇರಿಸಿ. ಹೋಗಿ ನೋಡುವವರಿಗೆ ಕಾಲ ಕೆಳಗೆ ಏನಾಗುತ್ತಿದೆ ಅಂತ ಗೊತ್ತಿರಲಿ.