44 ಕೈ, 3 ಮನೆ, ಒಂದು ಕಸದ ತೊಟ್ಟಿ

ಹಾಸನಾಂಬೆಯ ಬಾಗಿಲು ಹಾಕಿದ ಮುಂದಿನ ವಾರ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಬಾಗಿಲು ತೆರೆಯಿತು. ದೇವಿಯ ಹಾಗೆ ಇದೂ ವರ್ಷಕ್ಕೊಮ್ಮೆ ದರ್ಶನ ಕೊಡುವಂಥದ್ದು. ಅಲ್ಲಿ ಜನ ತಾವಾಗಿ ಸಾಲು ನಿಲ್ಲುತ್ತಾರೆ, ಇಲ್ಲಿ ಕೋರಂ ಆಗಲೆಂದು ಕಾರ್ಯದರ್ಶಿ ಮನೆಮನೆಗೆ ಹೋಗಿ ಕೈಮುಗಿಯುತ್ತಾರೆ. ಈ ಸಲ ಮಾತ್ರ ಯಾರೂ ಕರೆಯದೆ 47 ಮನೆಯವರೂ ಬಂದು ಕೂತಿದ್ದರು. ಕಸದ ತೊಟ್ಟಿ ಎಲ್ಲಿಡಬೇಕು ಅನ್ನುವುದು ಅಂದಿನ ವಿಷಯ.

ಪಾರ್ಕಿನ ಮೂಲೆ ಬೇಡ, ವಾಕಿಂಗ್ ಮಾಡುವವರಿಗೆ ವಾಸನೆ. ಗಣಪತಿ ಗುಡಿ ಹತ್ತಿರ ಸುತರಾಂ ಬೇಡ. ಮೇನ್ ರೋಡಿಗೆ ಇಟ್ಟರೆ ಬಡಾವಣೆಯ ಮರ್ಯಾದೆ ಪ್ರಶ್ನೆ. ಕೊನೆಗೆ ಅಧ್ಯಕ್ಷರು ನಕ್ಷೆ ಹಾಸಿ ಅದರ ಮೇಲೆ ಪೆನ್ನಿಟ್ಟರು. ಪೆನ್ನು ತಾನಾಗಿಯೇ ಹೋಗಿ ಮೂರನೇ ಕ್ರಾಸಿನ ತುದಿಯಲ್ಲಿ ನಿಂತಿತು. ಅಲ್ಲಿರುವುದು ಮೂರೇ ಮನೆ. ಒಂದು ವೆಲ್ಡಿಂಗ್ ಅಂಗಡಿಯ ಭಾಯಿಯದು. ಇನ್ನೊಂದು ಭಾನುವಾರ ಚರ್ಚಿಗೆ ಹೋಗುವ ನರ್ಸಮ್ಮನದು. ಮೂರನೆಯದು ಅಂಚೆ ಇಲಾಖೆಯವರದು. ಅವರ ಜಾತಿ ಯಾವುದೆಂದು ಪಾಯ ತೋಡುವ ಮೊದಲೇ ನಮ್ಮವರು ವಿಚಾರಿಸಿಕೊಂಡಿದ್ದರು. ತೊಟ್ಟಿಗೂ ಈ ಮನೆಗಳಿಗೂ ಏನೂ ಸಂಬಂಧವಿಲ್ಲ, ಜಾಗ ಅನುಕೂಲವಾಗಿದೆ ಅಷ್ಟೇ ಎಂದು ಯಾರೂ ಕೇಳದಿದ್ದರೂ ಅಧ್ಯಕ್ಷರು ಎರಡು ಸಲ ಹೇಳಿದರು.

“ಒಪ್ಪಿಗೆ ಇರೋರು ಕೈ ಎತ್ತಿ.”

44 ಕೈ ಎದ್ದವು. ಅದರಲ್ಲೊಂದು ನನ್ನದು. ಭುಜದವರೆಗೆ ಬಂದ ಕೈ ಅಲ್ಲೇ ಒಂದು ಗಳಿಗೆ ನಿಂತಿತ್ತು. ಪಕ್ಕದ ಮನೆಯವರು ತಿರುಗಿ ನೋಡಿದರು. ತಲೆ ಕೆರೆದುಕೊಂಡ ಹಾಗೆ ಮಾಡಿ ಇಳಿಸಿಬಿಡೋಣ ಅನ್ನುವಷ್ಟರಲ್ಲಿ ಕಾರ್ಯದರ್ಶಿ ಎಣಿಸಿಯಾಗಿತ್ತು.

“ನಮ್ಮನ್ನ ಒಂದು ಮಾತು ಕೇಳ್ಲಿಲ್ಲ ಸಾರ್,” ಎಂದರು ನರ್ಸಮ್ಮ.

“ಕೇಳ್ದೆ ಏನು ಸಿಸ್ಟರ್? ಈಗ ಕೇಳಿದ್ದು ನಿಮ್ಮನ್ನೂ ಸೇರಿಸೇ. ನೀವು ಮೂರು ಮನೆಯವರು ಕೈ ಎತ್ತಲಿಲ್ಲ, ಅದನ್ನೂ ಬರ್ಕೊಂಡಿದೀವಿ. ಪ್ರಜಾಪ್ರಭುತ್ವ ಅಂದ್ರೆ ಇನ್ನೇನು?”

ಭಾಯಿ ಎದ್ದು, “ಕಾನೂನು ಎಲ್ರಿಗೂ ಒಂದೇ ಅಲ್ವಾ ಸಾರ್?” ಅಂದರು.

ಈ ಪ್ರಶ್ನೆಗೇ ಕಾದಿದ್ದವರಂತೆ ಅಧ್ಯಕ್ಷರ ಮುಖ ಅರಳಿತು. “ಒಂದೇ ಕಣ್ರೀ! ತೊಟ್ಟಿಗೆ ಕಸ ಹಾಕೋ ಹಕ್ಕು 47 ಮನೆಗೂ ಸಮಾನ. ನೋಡಕ್ಕೆ ಹೋದ್ರೆ ನಿಮಗೇ ಲಾಭ. ನಾವೆಲ್ಲ ಅಷ್ಟು ದೂರ ನಡ್ಕೊಂಡು ಬರ್ಬೇಕು, ನೀವು ಗೇಟಲ್ಲಿ ನಿಂತು ಎಸೀಬಹುದು.”

ಸಂವಿಧಾನದ 14ನೇ ವಿಧಿಯಲ್ಲಿ ಎರಡು ಮಾತಿವೆ: ಕಾನೂನಿನ ಮುಂದೆ ಸಮಾನತೆ, ಕಾನೂನಿನ ಸಮಾನ ರಕ್ಷಣೆ. ನಮ್ಮ ಸಂಘ ಮೊದಲನೆಯದನ್ನು ಭಾಷಣಕ್ಕೆ ಇಟ್ಟುಕೊಂಡು ಎರಡನೆಯದನ್ನು ತೊಟ್ಟಿಗೆ ಹಾಕಿತು. ಹಸಿ ಕಸವೋ ಒಣ ಕಸವೋ ಎಂಬುದಷ್ಟೇ ತೀರ್ಮಾನವಾಗಲಿಲ್ಲ.

ಹೋಗಲಿ, ಹತ್ತಡಿ ಆಚೆ ಖಾಲಿ ಸೈಟಿನ ಕಡೆಗಾದರೂ ಸರಿಸಿ ಎಂದು ಅಂಚೆಯವರು ಕೇಳಿಕೊಂಡರು. ಸಭೆಯ ಹಿಂದಿನ ಸಾಲಿನಿಂದ ಒಂದು ಪದ ಹಾರಿ ಬಂತು: “ಓಲೈಕೆ!” ಬಹಳ ಶಕ್ತಿಯಿರುವ ಪದ ಇದು. ಪಾರ್ಕಿನಿಂದ, ಗುಡಿಯಿಂದ, ಮೇನ್ ರೋಡಿನಿಂದ ತೊಟ್ಟಿಯನ್ನು ಓಡಿಸಿಕೊಂಡು ಬಂದದ್ದು ಜನಾಭಿಪ್ರಾಯ. ಇನ್ನು ಹತ್ತಡಿ ಓಡಿಸಿದರೆ ಓಲೈಕೆ.

ಆಗ ಎದ್ದವರು ನಿವೃತ್ತ ಚರಿತ್ರೆ ಮೇಷ್ಟ್ರು. (ಅವರ ಕೈಯೂ 44ರಲ್ಲಿ ಇತ್ತು. ತೂಕಡಿಕೆಯಲ್ಲಿ ಎತ್ತಿದೆ ಅಂತ ಆಮೇಲೆ ಹೇಳಿದರು.) “ಶ್ರವಣಬೆಳಗೊಳಕ್ಕೆ ಎಲ್ರೂ ಹೋಗಿದೀರಲ್ಲ, ಅಲ್ಲಿನ ಬುಕ್ಕರಾಯನ ಶಾಸನ ಓದಿದೀರಾ?” ಎಂದರು. ಬೆಟ್ಟ ಹತ್ತಿ ಸೆಲ್ಫಿ ತೆಗೆದುಕೊಂಡು ಇಳಿದು ಬಂದಿದ್ದ ನಾವೆಲ್ಲ ನೆಲ ನೋಡಿದೆವು.

ಶಾಸನ 1368ರದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಯಾರ ಕಡೆ ಎಷ್ಟು ತಲೆ ಎಂದು ರಾಯ ಎಣಿಸಲಿಲ್ಲ. ಜೈನರ ಕೈ ಹಿಡಿದು ವೈಷ್ಣವರ ಕೈಯೊಳಗೆ ಇಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಪಂಚಮಹಾವಾದ್ಯವೂ ಕಳಶವೂ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು, ಅವರಿಗಾದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ತಿಳಿಯಬೇಕು ಎಂದು ಕಲ್ಲಿನಲ್ಲಿ ಕೊರೆಸಿದ. ಬೆಳಗೊಳದ ದೇವರಿಗೆ 20 ಕಾವಲಾಳು. ಖರ್ಚಿಗೆ ಜೈನರ ಒಂದೊಂದು ಮನೆಯಿಂದ ವರ್ಷಕ್ಕೊಂದು ಹಣ (ಆಗಿನ ನಾಣ್ಯ), ಮಿಕ್ಕಿದ್ದು ಹಳೇ ಬಸದಿಗಳ ರಿಪೇರಿಗೆ. ಆ ಕಾವಲಿನ ಉಸ್ತುವಾರಿ ವಹಿಸಿದ್ದು ತಿರುಮಲೆಯ ತಾತಯ್ಯನಿಗೆ, ಅಂದರೆ ಜಗಳ ಆಡಿದ್ದ ವೈಷ್ಣವರ ಕಡೆಯವರಿಗೇ! ಇದನ್ನು ಮುರಿದವನು ರಾಜದ್ರೋಹಿ.

“ಅದೂ ಓಲೈಕೆನೇ ಕಣ್ರೀ,” ಎಂದರು ಅಧ್ಯಕ್ಷರು. “ವೋಟಿಗೋಸ್ಕರ ಮಾಡಿರ್ತಾನೆ.”

“ಆಗ ಎಲೆಕ್ಷನ್ ಇರ್ಲಿಲ್ಲ ಸ್ವಾಮಿ.”

ಅಧ್ಯಕ್ಷರು ಸ್ವಲ್ಪ ಯೋಚಿಸಿದರು. “ನೋಡಿ ಮತ್ತೆ, ಪ್ರಜಾಪ್ರಭುತ್ವ ಇಲ್ದಿದ್ರೆ ಹಿಂಗೇ ಆಗೋದು.”

ಅದೇ ಜೈನರು ಅಲ್ಪಸಂಖ್ಯಾತರೆಂದು ಕೇಂದ್ರ ಸರ್ಕಾರದ ಅಧಿಸೂಚನೆಯಾದದ್ದು 2014ರಲ್ಲಿ. ಶಾಸನ ಕೊರೆದು 646 ವರ್ಷಕ್ಕೆ. ಪೋಡಿಗೆ ಅರ್ಜಿ ಕೊಟ್ಟು ಕಾಯುತ್ತಿರುವ ರೈತರು ಧೈರ್ಯಗೆಡಬಾರದು.

“ಬರೀ ಮೂರು ಮನೆಗೆ ಇಷ್ಟೆಲ್ಲ ಯಾಕೆ?” ಎಂದು ಯಾರೋ ಗೊಣಗಿದರು. ಮೇಷ್ಟ್ರು ಬಿಡಲಿಲ್ಲ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂರು ಮಕ್ಕಳನ್ನು ಹೊರಹಾಕಿದ್ದರು. ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಗೆ ಸಲ್ಲದೆಂದು ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸು ಸೇರಿಸಿಕೊಳ್ಳಿ ಎಂದಿತು. ಲೆಕ್ಕಕ್ಕೆ ಬಾರದಷ್ಟು ಚಿಕ್ಕ ಗುಂಪಿಗೂ ಸಂವಿಧಾನದ ಅಡಿಯಲ್ಲಿ ತನ್ನತನ ಸಿಗುತ್ತದೆಯೇ ಎಂಬುದೇ ನಿಜವಾದ ಪ್ರಜಾಪ್ರಭುತ್ವಕ್ಕೆ ಪರೀಕ್ಷೆ ಎಂದೂ ಹೇಳಿತು. ಕೋರ್ಟು ಒಮ್ಮೆ ಎಡವಿದ್ದೂ ಉಂಟು. 2013ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ಉಳಿಸುವಾಗ, ಸಲಿಂಗಿಗಳು ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಎಂಬ ಮಾತು ಬಂದಿತ್ತು. ಈ ತಲೆ ಎಣಿಕೆ ಸಲ್ಲದೆಂದು 2017ರಲ್ಲಿ ಹೇಳಿದ್ದು ಖಾಸಗಿತನದ ತೀರ್ಪು; ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. 2018ರಲ್ಲಿ ಆ ಹಳೆಯ ತೀರ್ಪೇ ಬಿದ್ದುಹೋಯಿತು.

ಅಷ್ಟರಲ್ಲಿ ಕಾಫಿ ಬಂತು. ತೊಟ್ಟಿಯೂ ಮರುದಿನ ಬಂತು.

ಎರಡು ತಿಂಗಳು ಕಳೆದಿರಬೇಕು. ಒಂದು ರಾತ್ರಿ ಅಧ್ಯಕ್ಷರು ನಮ್ಮ ಮನೆಗೆ ಬಂದರು, ಮುಖ ಕೆಂಪಗಿತ್ತು. ಜಗುಲಿಯಲ್ಲಿ ಮೇಷ್ಟ್ರೂ ಇದ್ದರು. ಅಧ್ಯಕ್ಷರ ಮಗನಿಗೆ ಬೆಂಗಳೂರಲ್ಲಿ ಕೆಲಸವಾಗಿ, ಅಪಾರ್ಟ್‌ಮೆಂಟಿನಲ್ಲಿ ಮನೆ ನೋಡಿ ಅಡ್ವಾನ್ಸೂ ಕೊಟ್ಟಿದ್ದನಂತೆ. ಊಟ ಹೇಗೆ ಎಂದು ಓನರ್ ಕೇಳಿದ್ದಾರೆ. ಹುಡುಗ ಹೆಮ್ಮೆಯಿಂದ, “ನಮ್ದು ಹಾಸನ ಸಾರ್, ಮುದ್ದೆ ನಾಟಿಕೋಳಿ ಸಾರು” ಅಂದಿದ್ದಾನೆ. ಅಡ್ವಾನ್ಸು ಅದೇ ದಿನ ವಾಪಸು. ಮಾಂಸ ಬೇಯಿಸುವವರಿಗೆ ಮನೆ ಕೊಡಕೂಡದೆಂದು ಅಲ್ಲಿನ ಸಂಘದಲ್ಲಿ ಠರಾವು ಆಗಿದೆಯಂತೆ.

“ನಾವೇನು ಮನುಷ್ಯರಲ್ವೇನ್ರೀ? ಈ ದೇಶದಲ್ಲಿ ಸಂವಿಧಾನ ಅನ್ನೋದೊಂದು ಇಲ್ವಾ?”

“ಒಟ್ಟು ಎಷ್ಟು ಮನೆ ಅಲ್ಲಿ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ಅರವತ್ತು.”

“ಎಷ್ಟು ಕೈ ಎದ್ವಂತೆ?”

“ರೀ, ಈ ರಾಜ್ಯದಲ್ಲಿ ಕೋಳಿ ತಿನ್ನೋರೇ ಜಾಸ್ತಿ!”

“ಆ ಕಾಂಪೌಂಡಿನೊಳಗೆ ಅಲ್ವಲ್ಲ.”

ಅಧ್ಯಕ್ಷರು ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು. ನಾನು ಒಳಗಿನಿಂದ ಸಂವಿಧಾನದ ಪುಸ್ತಕ ತಂದು 15ನೇ ವಿಧಿ ತೆಗೆದೆ. ಅಂಗಡಿ ಇದೆ, ಹೋಟೆಲು ಇದೆ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವೆ. ಬಾಡಿಗೆ ಮನೆ ಎಂಬ ಮಾತಿಲ್ಲ. ನಾಟಿಕೋಳಿಯಂತೂ ಇಲ್ಲವೇ ಇಲ್ಲ. ಭಾಯಿಯ ತಂಗಿ ಮಗನಿಗೆ ನಮ್ಮೂರಲ್ಲೇ ಎಂಟು ಕಡೆ ಟು-ಲೆಟ್ ಬೋರ್ಡು ನೋಡಿ ಹೋದಾಗ ಹೆಸರು ಕೇಳಿದ ಕೂಡಲೆ ಮನೆ ಖಾಲಿಯಿಲ್ಲ ಅಂದಿದ್ದರು. ಆಗ ಈ ಪುಸ್ತಕ ತೆಗೆಯಬೇಕು ಅಂತ ನಮಗ್ಯಾರಿಗೂ ಅನಿಸಿರಲಿಲ್ಲ.

ಆ ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ಖಂಡನಾ ಪತ್ರ ಹೋಗಬೇಕು ಎಂದು ತೀರ್ಮಾನವಾಯಿತು. ಬರೆದದ್ದು ನಾನೇ. “ಸಂಖ್ಯೆಯಲ್ಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ, ಬಹುಮತದ ಠರಾವಿನ ಮೂಲಕ ನಾಗರಿಕರ ಹಕ್ಕನ್ನು ಕಸಿದುಕೊಳ್ಳುವುದು ತಮ್ಮಂಥ ವಿದ್ಯಾವಂತರಿಗೆ ಶೋಭೆ ತರುವುದಿಲ್ಲ” ಎಂಬಲ್ಲಿಗೆ ಬಂದಾಗ ಅಧ್ಯಕ್ಷರ ಕಣ್ಣು ತುಂಬಿತು. ಒಗ್ಗಟ್ಟು ಕಾಣಬೇಕಾದರೆ 47 ಮನೆಯವರ ಸಹಿಯೂ ಇರಬೇಕು ಅಂದರು.

ಹಾಗಾಗಿ ಭಾನುವಾರ ನಾವಿಬ್ಬರೂ ಮೂರನೇ ಕ್ರಾಸಿನ ತುದಿಗೆ ಹೋದೆವು, ತೊಟ್ಟಿ ಇಟ್ಟ ಮೇಲೆ ಮೊದಲ ಸಲ. ತೊಟ್ಟಿ ತುಂಬಿ ಸುತ್ತಲೂ ಕವರುಗಳು ಬಿದ್ದಿದ್ದವು. ನಾಯಿಯೊಂದು ಕೋಳಿ ಪುಕ್ಕದ ಚೀಲವನ್ನು ನರ್ಸಮ್ಮನ ರಂಗೋಲಿಯವರೆಗೆ ಎಳೆದು ತಂದಿತ್ತು. ಆ ಚೀಲದ ಮೇಲಿದ್ದ ಅಂಗಡಿ ಹೆಸರು ನೋಡಿ ಅಧ್ಯಕ್ಷರು ಬೇರೆ ಕಡೆ ತಿರುಗಿದರು. ಕರ್ಚೀಫು ಮೂಗಿನ ಮೇಲಿತ್ತು.

ನೈಟ್ ಡ್ಯೂಟಿ ಮುಗಿಸಿ ಬಂದಿದ್ದ ನರ್ಸಮ್ಮ ಗೇಟಿಗೆ ಒರಗಿ ಪತ್ರವನ್ನು ಪೂರ್ತಿ ಓದಿದರು. ಒಂದು ಕಡೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರು. ಭಾಯಿಯನ್ನೂ ಅಂಚೆಯವರನ್ನೂ ಕೂಗಿ ಕರೆದು ಅವರಿಂದಲೂ ಓದಿಸಿದರು. ಮೂವರೂ ಸಹಿ ಹಾಕಿದರು.

“ತುಂಬಾ ಚೆನ್ನಾಗಿ ಬರ್ದಿದೀರ ಸಾರ್,” ಎಂದರು ನರ್ಸಮ್ಮ, ಪೆನ್ನು ವಾಪಸು ಕೊಡುತ್ತಾ. “ಒಂದು ಜೆರಾಕ್ಸ್ ನಮಗೂ ಬೇಕಿತ್ತು. ಮೇಲಿನ ವಿಳಾಸ ಮಾತ್ರ ನಾವು ಬದಲಾಯಿಸ್ಕೋತೀವಿ.”