ಆರಿಸಿದವನೇ ಒರೆಸಬೇಕು

ನಮ್ಮ ಅಡುಗೆಮನೆಯ ನೆಲಕ್ಕೆ ಕಪ್ಪು ಹೊಳಪಿನ ಟೈಲ್ಸನ್ನು ಆರಿಸಿದವನು ನಾನೇ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ನಾನು ಒಪ್ಪಿಕೊಳ್ಳದಿದ್ದರೆ ಸಾಕ್ಷಿ ಹೇಳಲು ಮನೆಯಲ್ಲಿ ಮೂವರು ಸದಾ ಸಿದ್ಧರಿದ್ದಾರೆ. ಹೆಂಡತಿಯ ಮನಸ್ಸು ಬೂದು ಬಣ್ಣದ, ಕೈಯಾಡಿಸಿದರೆ ಕೊಂಚ ತರಿತರಿ ಎನ್ನಿಸುವ ಮ್ಯಾಟ್ ಟೈಲ್ಸಿನ ಮೇಲಿತ್ತು. ಯಾವುದಾದರೂ ಸರಿ, ಬೇಗ ಮುಗಿಸಿ ಎಂಬುದು ಮಗಳ ಅಭಿಪ್ರಾಯವಾಗಿತ್ತು. ಪುತ್ತೂರಿನಿಂದ ಬಂದಿದ್ದ ಅಮ್ಮ ಮಾತ್ರ, “ಇದ್ದ ನೆಲಕ್ಕೆ ಎಂತ ಆಗಿದೆ ಮಾರಾಯ?” ಎಂದು ಕೇಳಿದ್ದರು. ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲವಾದ್ದರಿಂದ ನಾವೆಲ್ಲ ಅದನ್ನು ಕೇಳಿಸಿಕೊಳ್ಳದವರಂತೆ ಬೆಂಗಳೂರಿನ ಹೊರವಲಯದ ಟೈಲ್ಸ್ ಮಳಿಗೆಗೆ ಹೊರಟೆವು.

ಮಳಿಗೆಯಲ್ಲಿ ಆ ಕಪ್ಪು ಟೈಲ್ಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮೇಲಿನಿಂದ ನಾಲ್ಕಾರು ದೀಪಗಳು ಅದರ ಮೇಲೆ ಬೆಳಕು ಸುರಿಯುತ್ತಿದ್ದವು. ಗೋಡೆಗೆ ಒರಗಿದ ನೆಲವನ್ನು ಯಾರೂ ತುಳಿಯುವುದಿಲ್ಲ, ಅದರ ಮೇಲೆ ಯಾರೂ ದೋಸೆ ಹಿಟ್ಟು ಚೆಲ್ಲುವುದಿಲ್ಲ ಎಂಬುದು ನನಗೆ ಆಗ ತೋಚಲಿಲ್ಲ. ಅದರಲ್ಲಿ ನನ್ನ ಪ್ರತಿಬಿಂಬ ಕಾಣುತ್ತಿತ್ತು. ಮನೆಯ ಕನ್ನಡಿಯಲ್ಲಿ ಕಾಣುವುದಕ್ಕಿಂತ ಕೂದಲು ಹೆಚ್ಚಾಗಿಯೂ ಹೊಟ್ಟೆ ಕಡಿಮೆಯಾಗಿಯೂ ಕಾಣುತ್ತಿತ್ತು. ಮಳಿಗೆಯ ಹುಡುಗ ಗಿರಾಕಿಯ ಮುಖವನ್ನು ಓದಬಲ್ಲವನಾಗಿದ್ದ. “ಇದಕ್ಕೆ ಮೇಂಟೆನೆನ್ಸೇ ಇಲ್ಲ ಸಾರ್, ಒಂದ್ಸಲ ಒರೆಸಿಬಿಟ್ರೆ ಆಯ್ತು,” ಎಂದ. ಒಂದು ಸಲ ಎಂದರೆ ವಾರಕ್ಕೋ, ದಿನಕ್ಕೋ, ಗಂಟೆಗೋ ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಅಲ್ಲಿ ಹೊಳೆಯುತ್ತಿದ್ದದ್ದು ಟೈಲ್ಸು ಮಾತ್ರ.

ಲೆಕ್ಕ ಹಾಕುವ ಕೆಲಸವೂ ನನ್ನದೇ. ಅಡುಗೆಮನೆ ಹತ್ತಡಿಗೆ ಎಂಟಡಿ, ಅಂದರೆ 80 ಚದರ ಅಡಿ. ಎರಡಡಿ ಚೌಕದ ಟೈಲು ಒಂದಕ್ಕೆ ನಾಲ್ಕು ಚದರ ಅಡಿಯಾದರೆ ಇಪ್ಪತ್ತು ಟೈಲು ಸಾಕು. ಪೆಟ್ಟಿಗೆಗೆ ನಾಲ್ಕರಂತೆ ಐದು ಪೆಟ್ಟಿಗೆ. ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬಂದಾಗಲೇ ನಾನು ಅನುಮಾನಪಡಬೇಕಿತ್ತು. ಎಲ್ಲರೂ ಎರಡಡಿ ಎಂದು ಕರೆಯುವ ಟೈಲು ವಾಸ್ತವದಲ್ಲಿ 600 ಮಿಲಿಮೀಟರ್ ಮಾತ್ರ. ಎರಡಡಿಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆ. ಗುಜರಾತಿನ ಮೋರ್ಬಿಯ ಕಾರ್ಖಾನೆಗಳಲ್ಲಿ ಮಿಲಿಮೀಟರಿನಲ್ಲಿ ಹುಟ್ಟಿದ ವಸ್ತು ನಮ್ಮಲ್ಲಿಗೆ ಬರುವಷ್ಟರಲ್ಲಿ ಅಡಿಗಳಾಗಿರುತ್ತದೆ. ಆ ಒಂದು ಸೆಂಟಿಮೀಟರ್ ನನ್ನಿಂದ ಆರನೆಯ ಪೆಟ್ಟಿಗೆಯನ್ನು ಕೊಳ್ಳುವಂತೆ ಮಾಡಿತು. ಅದರಿಂದ ಉಳಿದ ಒಂದು ಅರ್ಧ ತುಂಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೈಲ್ಸ್ ಹಾಕಲು ಬಂದ ಮೇಸ್ತ್ರಿ ಮೊದಲ ಪೆಟ್ಟಿಗೆಯನ್ನು ಬಿಚ್ಚಿ, ಟೈಲನ್ನು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಮೌನವಾಗಿ ನಿಂತರು. ಬಳಿಕ, “ಅಡಿಗೆಮನೆಗೇನಾ ಸಾರ್?” ಎಂದು ಕೇಳಿದರು. ಹೌದೆಂದೆ. “ಮಾಡೋಣ ಬಿಡಿ,” ಎಂದರು. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಇದೇ ದನಿಯಲ್ಲಿ ಮಾತನಾಡಿದ್ದರೆ ಎದ್ದು ಓಡಿಹೋಗುತ್ತಿದ್ದೆ. ಮೂರನೆಯ ದಿನ ಕೆಲಸ ಮುಗಿಯಿತು. ಆ ರಾತ್ರಿ ದೀಪದ ಬೆಳಕಿನಲ್ಲಿ ನೆಲ ಅಮಾವಾಸ್ಯೆಯ ಕೆರೆಯಂತೆ ಕಾಣುತ್ತಿತ್ತು; ನಾನು ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಹೋಗಿ ನೋಡಿ ಬಂದೆ.

ಬೆಳಗಾದಾಗ ಆ ನಾಲ್ಕು ಸಲದ ಹೆಜ್ಜೆಗಳೂ ಅಲ್ಲಿದ್ದವು. ಹೋಗುವಾಗಿನವು ಬೇರೆ, ಬರುವಾಗಿನವು ಬೇರೆ. ಐದು ಬೆರಳು, ಹಿಮ್ಮಡಿ, ನಡುವೆ ಪಾದದ ಹಳ್ಳ, ಎಲ್ಲವೂ ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ದೇವರ ಕೋಣೆಯವರೆಗೆ ಬರೆಯುವ ಕೃಷ್ಣನ ಪಾದಗಳಷ್ಟು ಸ್ಪಷ್ಟವಾಗಿದ್ದವು. ಈ ಪಾದಗಳು ಮಾತ್ರ ಫ್ರಿಜ್ಜಿನವರೆಗೆ ಹೋಗಿ ಅಲ್ಲಿ ಜೋಡಿಯಾಗಿ ಸ್ವಲ್ಪ ಹೊತ್ತು ನಿಂತಿದ್ದವು. “ನೀರು ಸ್ಟೀಲ್ ಬಿಂದಿಗೆಯಲ್ಲಿರುತ್ತೆ, ಮೈಸೂರುಪಾಕು ಫ್ರಿಜ್ಜಲ್ಲಿರುತ್ತೆ,” ಎಂದಷ್ಟೇ ಹೇಳಿ ಹೆಂಡತಿ ಕಾಫಿ ಸೋಸತೊಡಗಿದಳು. ನನ್ನ ರಕ್ತದ ಸಕ್ಕರೆಯ ಮೇಲೆ ನಿಗಾ ಇಡಲು ವೈದ್ಯರು ಬರೆದುಕೊಟ್ಟ ಯಾವ ಪರೀಕ್ಷೆಯೂ ಈ ನೆಲದಷ್ಟು ನಿಷ್ಪಕ್ಷಪಾತವಾಗಿರಲಿಲ್ಲ.

ನಮ್ಮ ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ, ಮತ್ತು ಅನಾಹುತದ ಮೂಲ ಅಲ್ಲಿದೆ. ಏಳು ಗಂಟೆಯ ಓರೆ ಬಿಸಿಲು ನೆಲಕ್ಕೆ ತಾಗಿದಾಗ, ನುಣುಪಾದ ಕಪ್ಪು ಮೇಲ್ಮೈ ತನ್ನ ಪಾಲಿನ ಬೆಳಕಿನಲ್ಲಿ ಹೆಚ್ಚಿನದನ್ನು ನುಂಗಿ, ಉಳಿದದ್ದನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಕಳುಹಿಸಿಬಿಡುತ್ತದೆ. ಅದರ ಮೇಲೆ ಕುಳಿತ ಧೂಳಿನ ಕಣವಾದರೋ ಬೆಳಕನ್ನು ಸುತ್ತಲೂ ಚೆಲ್ಲುವುದರಿಂದ, ಒಂದೊಂದು ಕಣವೂ ನಕ್ಷತ್ರದಂತೆ ಬೇರೆಬೇರೆಯಾಗಿ ಮಿನುಗುತ್ತದೆ. ಹಳೆಯ ಕೆನೆಬಣ್ಣದ ನೆಲದ ಮೇಲೂ ಇಷ್ಟೇ ಧೂಳು ಇದ್ದಿರಬೇಕು. ಅದು ಮನೆತನದ ಮರ್ಯಾದೆ ಕಾಪಾಡುವ ಹಿರಿಯರಂತೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿತ್ತು.

ಇನ್ನೊಂದು ವಿಚಿತ್ರವನ್ನು ವಾರದೊಳಗೆ ಕಂಡುಕೊಂಡೆವು. ಅಕ್ಕಿ ಹಿಟ್ಟು, ಉಪ್ಪು, ತೆಂಗಿನ ತುರಿ, ಮಜ್ಜಿಗೆಯ ಹನಿ ಮುಂತಾಗಿ ಯಾವುದು ಕಾಣದಿದ್ದರೆ ಚೆನ್ನಾಗಿತ್ತೋ ಅದೆಲ್ಲವನ್ನೂ ಈ ನೆಲ ಡಂಗುರ ಸಾರಿ ತೋರಿಸುತ್ತದೆ. ಯಾವುದು ಕಾಣಲೇಬೇಕೋ ಅದನ್ನು ಮುಚ್ಚಿಡುತ್ತದೆ. ಕೈಜಾರಿದ ಸಾಸಿವೆ ಡಬ್ಬಿಯ ಅರ್ಧ ಪಾಲು ನಮ್ಮ ಕಣ್ಣೆದುರೇ ಮಾಯವಾಯಿತು. ಅದು ಎಲ್ಲೆಲ್ಲಿದೆ ಎಂಬುದು ಮುಂದಿನ ಹದಿನೈದು ದಿನ ಅಂಗಾಲಿಗಷ್ಟೇ ತಿಳಿಯುತ್ತಿತ್ತು. ಕಪ್ಪು ಕಟ್ಟಿರುವೆಗಳು ಯಾವ ಅಂಜಿಕೆಯೂ ಇಲ್ಲದೆ ಹಗಲು ಹೊತ್ತಿನಲ್ಲೇ ಸಾಲುಗಟ್ಟಿ ಬೆಲ್ಲದ ಡಬ್ಬಿಗೆ ಹೋಗಿಬರುತ್ತಿದ್ದವು. ಅವುಗಳ ಬಾಯಲ್ಲಿನ ಬೆಲ್ಲದ ಪುಡಿ ಕಂಡಾಗಲಷ್ಟೇ ಸಾಲು ಇರುವುದು ಗೊತ್ತಾಗುತ್ತಿತ್ತು.

ನೆಲ ಒರೆಸುವ ಹೊಣೆ ನನ್ನ ಮೇಲೆ ಬಿದ್ದದ್ದು ಎರಡನೆಯ ವಾರದಲ್ಲಿ. ಮನೆಗೆಲಸಕ್ಕೆ ಬರುವಾಕೆ ಎಂಟು ದಿನ ಪ್ರಾಮಾಣಿಕವಾಗಿ ಪ್ರಯತ್ನಿಸಿ, ಒಂಬತ್ತನೆಯ ದಿನ ಮಾಪಿನ ಕೋಲನ್ನು ಗೋಡೆಗೆ ಆನಿಸಿ, “ಅಕ್ಕಾ, ಬೇಕಾದ್ರೆ ಮಹಡಿ ಮೆಟ್ಟಿಲೂ ಒರೆಸ್ಕೊಡ್ತೀನಿ, ಇದೊಂದು ಬೇಡ. ನಾನು ಒರೆಸ್ದೇ ಹೋದೆ ಅಂತ ನಾಳೆ ನೀವೇ ಅಂತೀರಾ,” ಎಂದು ಹೇಳಿಬಿಟ್ಟಳು. ಹೆಂಡತಿ ನನ್ನತ್ತ ನೋಡಿದಳು. “ಆರಿಸಿದವರೇ ಒರೆಸಲಿ,” ಎಂಬ ತೀರ್ಪು ಹೊರಬಿತ್ತು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಒರೆಸಲು ಇಳಿದ ಮೇಲೆ ತಿಳಿಯಿತು, ನೆಲ ಕೊಳೆಯಾಗುವುದು ಕೊಳೆಯಿಂದಲ್ಲ, ಒರೆಸುವುದರಿಂದ. ನಮ್ಮದು ಕೊಳವೆಬಾವಿಯ ನೀರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ಬಡಾವಣೆಯ ನೀರು ಬೇರೆ ಗತಿಯಿಲ್ಲದವರ ಪಂಗಡಕ್ಕೆ ಸೇರಿದ್ದು. ಅದರಲ್ಲಿ ಅದ್ದಿದ ಮಾಪು ಓಡಾಡಿದಲ್ಲೆಲ್ಲ ನೀರು ಆರಿ, ಸುಣ್ಣ ಉಳಿದು, ಕಪ್ಪು ನೆಲದ ಮೇಲೆ ಬಿಳಿ ಬಳೆಬಳೆಯಾಗಿ ನಕ್ಷೆ ಮೂಡುತ್ತಿತ್ತು. ಇದನ್ನು ಗೆಲ್ಲಲು ಬಕೆಟ್ಟಿಗೆ ಫಿನಾಯಿಲನ್ನು ಧಾರಾಳವಾಗಿ ಸುರಿದೆ. ನೆಲದ ಮೇಲೆ ಹಾಲಿನ ಕೆನೆಯಂತಹ ಪೊರೆ ಕುಳಿತಿತು. ಪೊರೆ ತೆಗೆಯಲು ಸೋಪಿನ ಪುಡಿ ಹಾಕಿದೆ; ಸೋಪಿನ ಪೊರೆ ಕುಳಿತು, ಧೂಳನ್ನು ಅಂಟಿನಂತೆ ಹಿಡಿಯತೊಡಗಿತು. ಕೊನೆಗೆ ವಿನೆಗರ್ ಸುರಿದಾಗ ಬಿಳಿ ಬಳೆಗಳೇನೋ ಕರಗಿದವು. ಆ ಸಂತೋಷದಲ್ಲಿ ವಾರಕ್ಕೆ ಮೂರು ಸಲ ಅದನ್ನೇ ಮುಂದುವರಿಸಿದ್ದರಿಂದ, ಟೈಲ್ಸಿನ ಸಂದುಗಳಿಗೆ ತುಂಬಿದ್ದ ಸಿಮೆಂಟಿನ ಕಪ್ಪು ಗ್ರೌಟ್ ನರೆತು ಬೂದಿಯಾಯಿತು. ಸುಣ್ಣವನ್ನು ಕರಗಿಸುವ ಹುಳಿ ಸಿಮೆಂಟಿಗೆ ದಾಕ್ಷಿಣ್ಯ ತೋರುವುದಿಲ್ಲ. ಕಪ್ಪು ಕನ್ನಡಿಯಾಗಬೇಕಿದ್ದ ನೆಲ ಬೂದು ಗೆರೆಗಳ ಚದುರಂಗದ ಮಣೆಯಾಯಿತು.

ಈ ಹಂತದಲ್ಲಿ ಅಮ್ಮ ಮಧ್ಯೆ ಪ್ರವೇಶಿಸಿದರು. ಕಪ್ಪು ನೆಲದ ಬಗ್ಗೆ ಮಾತನಾಡುವ ಅಧಿಕಾರ ನಮ್ಮ ಮನೆಯಲ್ಲಿ ನಿಜವಾಗಿ ಇರುವುದು ಅವರಿಗೇ. ಅವರು ಹುಟ್ಟಿದ ಮನೆಯ ಅಡುಗೆಕೋಣೆಯ ನೆಲಕ್ಕೆ ಸಗಣಿಯಲ್ಲಿ ಮಸಿ ಕಲಸಿ ಸಾರಿಸುತ್ತಿದ್ದರು. ಮುಂದೆ ಟಾರ್ಚು ಬಂದ ಮೇಲೆ ಹಳೆಯ ಬ್ಯಾಟರಿ ಸೆಲ್ಲುಗಳನ್ನು ಒಡೆದು ಅದರ ಕರಿಯನ್ನೂ ಸೇರಿಸುತ್ತಿದ್ದರಂತೆ. ಮದುವೆಯಾಗಿ ಬಂದ ಮನೆಯಲ್ಲಿ ಕಾವಿಯ ಕೆಂಪು ನೆಲವಿತ್ತು. “ಇಷ್ಟಕ್ಕೆಲ್ಲ ಅಂಗಡಿ ಮದ್ದು ಯಾಕೆ? ಕಾವಿಯ ನೆಲಕ್ಕೆ ನಾವು ತೆಂಗಿನೆಣ್ಣೆ ಹಾಕಿ ಉಜ್ಜುತ್ತಿದ್ದೆವು. ಮುಖ ನೋಡಿಕೊಂಡು ಕುಂಕುಮ ಇಡಬಹುದಿತ್ತು ಗೊತ್ತುಂಟಾ?” ಎಂದರು.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕಾವಿಯ ನೆಲ ಎಣ್ಣೆ ಕುಡಿಯುತ್ತದೆ. ಕುಡಿದು, ವರ್ಷಗಟ್ಟಲೆ ಪಾದಗಳ ಉಜ್ಜುವಿಕೆಗೆ ಒಳಗಾಗಿ ಹೊಳಪೇರುತ್ತದೆ. ನಾನು ಆರಿಸಿದ್ದ ವಿಟ್ರಿಫೈಡ್, ಅಂದರೆ ಗಾಜಿನಂತೆ ಗಟ್ಟಿಯಾಗುವಷ್ಟು ಸುಟ್ಟ, ಟೈಲಾದರೋ ಮಿತಾಹಾರಿ. ಅದು ನೀರನ್ನೇ ತನ್ನ ತೂಕದ ಅರ್ಧ ಶೇಕಡಕ್ಕಿಂತ ಹೆಚ್ಚು ಹೀರಬಾರದು ಎಂಬುದು ಆ ಹೆಸರಿಗೆ ಇರುವ ಕಟ್ಟಳೆ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ನೂರು ಮಿಲಿಲೀಟರ್ ತೆಂಗಿನೆಣ್ಣೆಯನ್ನು ಹಳೆಯ ಪಂಚೆಯ ತುಂಡಿಗೆ ಹಾಕಿ, ಮೊಣಕಾಲೂರಿ, ಮೂಲೆಯಿಂದ ಬಾಗಿಲಿನತ್ತ ಉಜ್ಜುವ ಬದಲು ಬಾಗಿಲಿನಿಂದ ಮೂಲೆಯತ್ತ ಉಜ್ಜುತ್ತಾ ಹೋದೆ. ಮುಗಿಸಿ ತಿರುಗಿ ನೋಡಿದಾಗ ನೆಲ ಮಳಿಗೆಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಬೂದು ಗೆರೆಗಳು ಕೂಡ ಎಣ್ಣೆ ಕುಡಿದು ಮತ್ತೆ ಕಪ್ಪಾಗಿದ್ದವು. ನಾನು ಸಿಂಕಿನ ಪಕ್ಕದ ಮೂಲೆಯಲ್ಲಿದ್ದೆ; ಬಾಗಿಲು ಎಂಟಡಿ ದೂರದಲ್ಲಿತ್ತು.

ಎರಡು ಹೆಜ್ಜೆ ಚೆನ್ನಾಗಿಯೇ ಇಟ್ಟೆ. ಮೂರನೆಯದನ್ನು ಇಟ್ಟವನು ನಾನಲ್ಲ, ಅದು ತಾನಾಗಿಯೇ ಹೋಯಿತು. ಹಿಡಿದುಕೊಳ್ಳಲು ಸಿಕ್ಕಿದ್ದು ಪಾತ್ರೆ ಬೋರಲು ಹಾಕುವ ಬುಟ್ಟಿ. ಅದು ನನ್ನನ್ನು ತಡೆಯುವ ಬದಲು ಜೊತೆಗೂಡಿತು. ಹನ್ನೊಂದು ಸ್ಟೀಲ್ ಲೋಟ, ಒಂದು ಇಡ್ಲಿ ಸ್ಟ್ಯಾಂಡ್ ಮತ್ತು ನಾನು ಕೂಡಿ ಬಾಗಿಲಿನ ಹೊಸ್ತಿಲವರೆಗೆ ಕುಳಿತ ಭಂಗಿಯಲ್ಲೇ ಪಯಣಿಸಿದೆವು. ಮಲಗಿದ್ದವರೆಲ್ಲ ಎದ್ದು ಬಂದರು, ಆದರೆ ಯಾರೂ ಹೊಸ್ತಿಲು ದಾಟುವ ಧೈರ್ಯ ಮಾಡಲಿಲ್ಲ. “ಎಣ್ಣೆ ಒಂದು ಚಮಚ ಸಾಕಿತ್ತಲ್ವಾ ಮಾರಾಯ,” ಎಂದರು ಅಮ್ಮ.

ಮೂಳೆಗೇನೂ ಆಗಿರಲಿಲ್ಲ. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ ಮಗಳು ಮೊಬೈಲಿನಲ್ಲಿ ಹುಡುಕಿ ಒಂದು ಹೊಸ ವಿಷಯ ತಿಳಿಸಿದಳು. ಟೈಲ್ಸಿನ ಜಾರುವಿಕೆಯನ್ನು ಅಳೆಯಲು ಜರ್ಮನಿಯ ಮಾನಕವೊಂದಿದೆ. ಎಣ್ಣೆ ಸವರಿದ ಟೈಲ್ಸಿನ ಹಲಗೆಯ ಮೇಲೆ ಬೂಟು ತೊಟ್ಟ ಮನುಷ್ಯನನ್ನು ಹಿಂದೆಮುಂದೆ ನಡೆಸುತ್ತಾ, ಹಲಗೆಯನ್ನು ಸ್ವಲ್ಪಸ್ವಲ್ಪವೇ ಓರೆಯಾಗಿಸುತ್ತಾ ಹೋಗುತ್ತಾರೆ. ಆತ ಎಷ್ಟು ಡಿಗ್ರಿಯಲ್ಲಿ ಜಾರತೊಡಗಿದ ಎಂಬುದನ್ನು ನೋಡಿ ಆರ್ 9ರಿಂದ ಆರ್ 13ರವರೆಗೆ ದರ್ಜೆ ಕೊಡುತ್ತಾರೆ. ಮೇಲಿನಿಂದ ಕಟ್ಟಿದ ಹಗ್ಗವೊಂದು ಆತನನ್ನು ಬೀಳದಂತೆ ಹಿಡಿದಿರುತ್ತದೆ. ಆರ್ 9 ಸಿಗಬೇಕಾದರೂ ಆರು ಡಿಗ್ರಿಯ ಓರೆಯವರೆಗೆ ನಿಲ್ಲಬೇಕು. “ಅಪ್ಪಾ, ನೀವು ಸೊನ್ನೆ ಡಿಗ್ರಿಯಲ್ಲೇ ಬಿದ್ರಿ,” ಎಂದಳು. ಹಗ್ಗವೂ ಇರಲಿಲ್ಲ, ಬೂಟೂ ಇರಲಿಲ್ಲ ಎಂಬ ನನ್ನ ವಾದವನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ. ಹೆಂಡತಿ ಮೊದಲು ಮೆಚ್ಚಿದ್ದ ಬೂದು ಮ್ಯಾಟ್ ಟೈಲಿನ ಪೆಟ್ಟಿಗೆಯ ಮೇಲೆ ಆರ್ 10 ಎಂದು ಬರೆದಿತ್ತು ಎಂಬುದು ಅವಳಿಗೆ ಅಂದು ಸಂಜೆಯೇ ನೆನಪಾಗಬೇಕಿತ್ತೇ?

ಎಣ್ಣೆ ತೆಗೆಯಲು ಮೂರು ದಿನ ಬೇಕಾಯಿತು. ಕಡಲೆಹಿಟ್ಟು, ಬಿಸಿನೀರು, ಪಾತ್ರೆ ತೊಳೆಯುವ ದ್ರವ ಎಲ್ಲವನ್ನೂ ಬಳಸಿದೆವು. ಈಗ ನನ್ನ ಕ್ರಮ ಸ್ಥಿರವಾಗಿದೆ. ಮೊದಲು ಮೆದು ಪೊರಕೆಯಲ್ಲಿ ಗುಡಿಸಬೇಕು, ಏಕೆಂದರೆ ಒಂದು ಮರಳಿನ ಕಣ ಮಾಪಿಗೆ ಸಿಕ್ಕಿದರೂ ನುಣುಪಿನ ಮೇಲೆ ಗೀರು ಬೀಳುತ್ತದೆ. ಬಳಿಕ ಕುಡಿಯುವ ನೀರಿನ ಯಂತ್ರದಿಂದ ಹಿಡಿದಿಟ್ಟ ಶುದ್ಧ ನೀರಿಗೆ ನಾಲ್ಕೇ ಹನಿ ದ್ರವ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ, ಕೊನೆಗೆ ಆರಲು ಬಿಡದೆ ಒಣಬಟ್ಟೆಯಲ್ಲಿ, ಕಿಟಕಿಯತ್ತ ಮುಖ ಮಾಡಿ ಹಿಂದಹಿಂದಕ್ಕೆ ಸರಿಯುತ್ತಾ. ನಾವು ಶೋಧಿಸಿದ ನೀರು ಕುಡಿಯುವುದಕ್ಕಿಂತ ಹೆಚ್ಚಾಗಿ ನೆಲವೇ ಕುಡಿಯುತ್ತಿದೆ ಎಂದು ಹೆಂಡತಿಯ ಆಕ್ಷೇಪ. ಇಪ್ಪತ್ತೈದು ನಿಮಿಷದ ಕೆಲಸ. ಮುಗಿದ ಮೇಲೆ ಯಾರಾದರೂ ಬಾಯಾರಿಕೆ ಎಂದು ಒಳಗೆ ಕಾಲಿಡುವವರೆಗೆ ನೆಲ ನಿಜಕ್ಕೂ ಸುಂದರವಾಗಿರುತ್ತದೆ, ಅದನ್ನಂತೂ ಹೇಳಲೇಬೇಕು. ಬೂದು ಗೆರೆಗಳನ್ನು ಕೆರೆದು, ಸಿಮೆಂಟಿನ ಬದಲು ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿಸುವುದಕ್ಕೆ ಅದೇ ಮೇಸ್ತ್ರಿಯನ್ನು ಕರೆದಿದ್ದೇನೆ. ಫೋನಿನಲ್ಲಿ ಅವರು ಮತ್ತೆ “ಮಾಡೋಣ ಬಿಡಿ,” ಎಂದೇ ಹೇಳಿದ್ದಾರೆ.

ಉಳಿದಿದ್ದ ಆ ಅರ್ಧ ತುಂಡನ್ನು ಅಮ್ಮ ಊರಿಗೆ ಹೋಗುವಾಗ ಬೆಡ್‌ಶೀಟಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಮೊನ್ನೆ ಹಲಸಿನ ಹಪ್ಪಳದ ಕೆಲಸ ಶುರುವಾದಾಗ ಫೋನ್ ಮಾಡಿದ್ದರು. ಎಣ್ಣೆ ಸವರಿ, ಉಂಡೆ ಇಟ್ಟು ಒತ್ತಿದರೆ ಹಪ್ಪಳ ಕಾಗದದಂತೆ ತೆಳುವಾಗಿ, ಒಂದಿಷ್ಟೂ ಅಂಟದೆ ಎದ್ದು ಬರುತ್ತದಂತೆ. ನೆರೆಮನೆಯವರೆಲ್ಲ ಬಂದು ನೋಡಿ ಹೋದರಂತೆ. “ಒಳ್ಳೆ ಟೈಲು ಮಾರಾಯ, ಚೂರೂ ಎಣ್ಣೆ ಕುಡಿಯುವುದಿಲ್ಲ. ಇನ್ನೊಂದು ತುಂಡು ಉಂಟಾ?” ಎಂದು ಕೇಳಿದರು.

ಎಂಬತ್ತು ಚದರ ಅಡಿ ಉಂಟು, ಬೇಕಾದರೆ ನಾಳೆಯೇ ಕೀಳಿಸಿ ಕಳುಹಿಸುತ್ತೇನೆ ಎಂದೆ.