ಅಳಿಸಿದ ಹಸು

ನಮ್ಮ ಶಾಲೆಯ ಬೀರುವಿನ ಕೆಳಗಿನ ಎರಡು ಅರೆ ಪೂರ್ತಿ ಕೃತಿ ಸಂಪುಟಗಳದ್ದೇ. ಮಗುವಿಗೊಂದು ಫೈಲು. ಮೇಲೆ ಹೆಸರು, ತರಗತಿ, ಮೂಲೆಯಲ್ಲಿ ಬೆದರಿದ ಮುಖದ ಒಂದು ಪಾಸ್‌ಪೋರ್ಟ್ ಫೋಟೊ. ಮಗು ವರ್ಷವಿಡೀ ಬರೆದದ್ದು, ಬಿಡಿಸಿದ್ದು, ಅಂಟಿಸಿದ್ದು ಎಲ್ಲ ಒಳಗಿರಬೇಕು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತಲ್ಲ, ಅದರ ಹಿಂದೆಯೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು, ಅದರ ಬೆನ್ನಿಗೆ ಈ ಫೈಲುಗಳು. ಉದ್ದೇಶ ಒಳ್ಳೆಯದೇ. ಒಂದು ಪರೀಕ್ಷೆಯಲ್ಲಿ ಮಗುವನ್ನು ಅಳೆದು ಮುಗಿಸಬೇಡಿ, ಅದು ಕಲಿತ ಬಗೆಯನ್ನೂ ನೋಡಿ ಅನ್ನೋದು.

ಆದರೆ ಫೈಲು ಬಿಚ್ಚಿದರೆ ಕಲಿತ ಬಗೆ ಕಾಣೋದಿಲ್ಲ. ಫೇರ್ ಕಾಪಿ ಕಾಣುತ್ತದೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸಾರ್ ನಾಳೆ ಬರ್ತಾರಂತೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದ ರಾತ್ರಿ ಮನೆಮನೆಯಲ್ಲೂ ಶಾಲೆ ನಡೆಯುತ್ತದೆ. ಅಕ್ಕ ಚಿತ್ರ ಬಿಡಿಸುತ್ತಾಳೆ, ಮಾವ ಸ್ಕೆಚ್ ಪೆನ್ನಲ್ಲಿ ತಲೆಬರಹ ಬರೆಯುತ್ತಾನೆ, ಮಗು ನಿದ್ದೆ ಮಾಡುತ್ತದೆ. ಒಮ್ಮೆ 'ನಮ್ಮ ಊರಿನ ಹಣ್ಣುಗಳು' ಅಂತ ಚಟುವಟಿಕೆ ಕೊಟ್ಟಿದ್ದೆ. ಅಂಗಡಿಯ ಚಾರ್ಟು ಕತ್ತರಿಸಿ ಅಂಟಿಸಿಕೊಂಡು ಬಂದವರೇ ಜಾಸ್ತಿ. ಅದರಲ್ಲಿ ಕಿವಿ ಹಣ್ಣೂ ಇತ್ತು. ಅದನ್ನು ನಾನೇ ಇನ್ನೂ ತಿಂದಿಲ್ಲ. ಹಿತ್ತಿಲಲ್ಲಿ ಸೀಬೆ ಮರ ಇಟ್ಟುಕೊಂಡ ಹುಡುಗ ಸೇಬು ಅಂಟಿಸಿದ್ದ. ಹೋಗಲಿ, ಅಕ್ಷರದಲ್ಲಿ ಅಷ್ಟೇನೂ ದೂರ ಹೋಗಿರಲಿಲ್ಲ.

ಒಂದರಿಂದ ಮೂರನೇ ತರಗತಿಯ ನಲಿಕಲಿ ಕೋಣೆಯಲ್ಲಿ ಈ ಗೋಳು ಸ್ವಲ್ಪ ಕಡಿಮೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಆಡುತ್ತ ಕಲಿಯುವ ಪದ್ಧತಿ ಅದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗುವಿಗೇ ಗೊತ್ತು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಮಕ್ಕಳು ಮಾಡಿದ್ದೆಲ್ಲ ಅಲ್ಲಿ ತೂಗಾಡುತ್ತಿರುತ್ತದೆ, ಸೊಟ್ಟಗಿದ್ದದ್ದು ಸೊಟ್ಟಗೇ. ಫ್ಯಾನ್ ಹಾಕಿದರೆ ಇಡೀ ತರಗತಿಯ ವಿದ್ಯೆ ಪಟಪಟ ಅನ್ನುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಚಪ್ಪರ ಇಲ್ಲ, ಫೈಲು ಮಾತ್ರ.

ಆ ನಾಲ್ಕನೇ ತರಗತಿಯಲ್ಲೇ ಒಬ್ಬಳಿದ್ದಳು. ಮನೆಯಲ್ಲಿ ಹಸು ಇದೆ. 'ನಾನು ಕಂಡ ಪ್ರಾಣಿ' ಬರೆದು ಚಿತ್ರ ಬಿಡಿಸಿ ಅಂದಿದ್ದೆ. ಅವಳು ತಂದ ಹಾಳೆಯಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತ, ಕ್ಯಾಲೆಂಡರಿನ ಹಸುವಿತ್ತು. 'ಹಸು ಸಾಧು ಪ್ರಾಣಿ. ಹಸು ನಮಗೆ ಹಾಲು ಕೊಡುತ್ತದೆ.' ಅಕ್ಷರ ಮುತ್ತಿನಂತಿತ್ತು. ಪಂಚ್ ಮಾಡಿ ಟ್ಯಾಗ್ ಹಾಕಿಟ್ಟೆ.

ವಾರ ಕಳೆದು ಅವಳ ಲೆಕ್ಕ ನೋಡಲು ರಫ್ ಪುಸ್ತಕ ತೆಗೆದೆ. ಒಂದು ಪುಟದ ತುಂಬ ಹಸು. ಐದು ಸಲ ಬಿಡಿಸಿ, ನಾಲ್ಕು ಸಲ ಅಳಿಸಿದ್ದಳು. ಎಂಜಲು ಹಚ್ಚಿ ಉಜ್ಜಿದ್ದಕ್ಕೆ ಒಂದು ಕಡೆ ಹಾಳೆಯೇ ತೂತು. ಎಲ್ಲ ಹಸುಗಳೂ ಹಿಂಭಾಗ ಎತ್ತಿಕೊಂಡು, ಮುಂದೆ ಮಂಡಿಯೂರಿದ್ದವು. ಯಾರಿಗೋ ಅಡ್ಡಬೀಳುತ್ತಿರುವ ಹಾಗೆ.

"ಇದೇನೇ ಇದು?"

"ಏಳ್ತಾ ಇದೆ ಮಿಸ್. ಹಸು ಮೊದ್ಲು ಹಿಂದಿನ ಕಾಲೇ ಎತ್ತೋದು. ಮುಂದಿಂದು ಆಮೇಲೆ. ಮಂಡಿ ಹೆಂಗೆ ಮಡಚುತ್ತೆ ಅಂತ ಬರ್ತಾನೇ ಇರ್ಲಿಲ್ಲ. ದಿನಾ ಬೆಳಿಗ್ಗೆ ಕೊಟ್ಟಿಗೇಲಿ ನೋಡಿ ಬಂದು ಬರೀತಿದ್ದೆ."

"ಮತ್ತೆ ಇದನ್ನೇ ಯಾಕೆ ಕೊಡಲಿಲ್ಲ?"

"ಗಲೀಜಾಗಿದೆ ಅಲ್ವಾ?"

ಆ ಮಾತು ಅವಳಿಗೆ ಹೇಳಿಕೊಟ್ಟವಳು ನಾನೇ. ಹಾಳೆ ಗಲೀಜು ಮಾಡಬೇಡಿ ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹಳ್ಳಿಯಲ್ಲೇ ಹುಟ್ಟಿ ಬೆಳೆದವಳು, ಹಸು ಏಳೋದನ್ನು ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಅವತ್ತು ಸಂಜೆ ಪಕ್ಕದ ಮನೆ ಕೊಟ್ಟಿಗೆ ಮುಂದೆ ಸುಮ್ನೆ ಹೋಗಿ ನಿಂತೆ. "ಏನು ಮೇಡಂ, ಹಾಲು ಬೇಕಿತ್ತಾ?" ಅಂದರು. ಹಸು ಎದ್ದಿತು. ಹುಡುಗಿ ಹೇಳಿದ್ದು ಸರಿ.

ಗೀಚಿದ ಪುಟಕ್ಕೂ ಬೆಲೆ ಬರೋದುಂಟು. ಜೀವವಿಕಾಸದ ಸಿದ್ಧಾಂತ ಕೊಟ್ಟ ಡಾರ್ವಿನ್ 1837ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಕಡ್ಡಿ ಕಡ್ಡಿಯಾಗಿ ಒಂದು ಗಿಡ ಗೀಚಿದ್ದ. ಮೇಲೆ 'ನನಗನ್ನಿಸುತ್ತೆ' ಅಂತಷ್ಟೇ ಬರೆದಿದ್ದ. ಅದರ ಫೇರ್ ಕಾಪಿ, ಅಂದರೆ ಆ ಸಿದ್ಧಾಂತದ ಪುಸ್ತಕ, ಅಚ್ಚಾಗಲು 1859 ಬರಬೇಕಾಯಿತು. ಆ ರಫ್ ಪುಸ್ತಕ ಕೇಂಬ್ರಿಜ್ ಗ್ರಂಥಾಲಯದಿಂದ ಕಾಣೆಯಾಗಿ ಇಪ್ಪತ್ತು ವರ್ಷ ಸಿಕ್ಕಿರಲಿಲ್ಲ. 2022ರಲ್ಲಿ ಯಾರೋ ಗುಲಾಬಿ ಬಣ್ಣದ ಚೀಲದಲ್ಲಿ ಹಾಕಿ ಗ್ರಂಥಾಲಯದ ನೆಲದ ಮೇಲೆ ಇಟ್ಟು ಹೋಗಿದ್ದರಂತೆ.

ನಾನೂ ಹುಡುಗಿಯ ಆ ಪುಟವನ್ನು ಹುಷಾರಾಗಿ ಹರಿದು, ತಾರೀಕು ಹಾಕಿ, ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಕೆಳಗೆ ಬರೆದು, ಹಾರದ ಹಸುವಿನ ಹಿಂದೆ ಸೇರಿಸಿದೆ. ಏನೋ ಸಾಧಿಸಿದ ಹಾಗೆ ಅನ್ನಿಸಿತು.

ಮಾರನೇ ದಿನ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ಆ ಪುಟ ವಾಪಸ್ ಬೇಕಿತ್ತು."

"ಯಾಕಮ್ಮಾ, ಹಸು ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದೀನಿ."

"ಹಸು ಇಟ್ಕೊಳಿ ಮಿಸ್. ಹಿಂದ್ಗಡೆ ರಾಜ ರಾಣಿ ಕಳ್ಳ ಪೊಲೀಸ್ ಲೆಕ್ಕ ಇದೆ. ನಾನೇ ಮುಂದೆ ಇದೀನಿ. ಜೊತೇಲಿ ಆಡಿದೋಳು ಈಗ ಒಪ್ತಾ ಇಲ್ಲ."

ತಿರುಗಿಸಿ ನೋಡಿದೆ. ನಾಲ್ಕು ಸಾಲು, ನಾಲ್ಕು ಹೆಸರು, ಒಂದೊಂದು ಆಟದ ಅಂಕವೂ ಬಿಡದೆ ಬರೆದು, ಕೂಡಿ, ಎದುರಾಳಿಯ ಸಹಿಯನ್ನೂ ಹಾಕಿಸಿಕೊಂಡಿದ್ದಳು.